ಮುನ್ನೂರು ಟನ್ನಿನ ತಟ್ಟೆ ತಿರುಗಿಸಿದ ತಿವಾ

ಬೆಳಗಿನ ಜೋಳದ ಗಂಜಿ ಬಾಯಿಗಿಡುವ ಮೊದಲು ಅಫುವಾ ತಿವಾ ಹಳಿಯ ಸುತ್ತ ಒಂದು ಸುತ್ತು ಬರಲೇಬೇಕು. ಕೈಯಲ್ಲಿ ಎಣ್ಣೆ ಸೋಕಿಸಿದ ಚಿಂದಿ ಬಟ್ಟೆ, ಸೊಂಟದ ಗಂಟಿನಲ್ಲಿ ಸಣ್ಣ ಸುತ್ತಿಗೆ. ಹಳಿ ನೇರವಾದದ್ದಲ್ಲ. ದೊಡ್ಡ ಬಳೆಯೊಂದನ್ನು ನೆಲದಲ್ಲಿ ಇಟ್ಟ ಹಾಗೆ ದುಂಡಗಿನ ಉಕ್ಕು. ಅವಳು ಒರೆಸುತ್ತ ಹೋಗುತ್ತಾಳೆ. ಪ್ರತಿ ಬೋಲ್ಟಿನ ತಲೆಗೆ ಒಂದು ಪೆಟ್ಟು ಕೊಟ್ಟು ಕಿವಿಗೊಡುತ್ತಾಳೆ. ಬಿಗಿಯಿದ್ದ ಬೋಲ್ಟು ಗಂಟೆಯಂತೆ ನುಡಿಯುತ್ತದೆ, ಸಡಿಲಾದದ್ದು ಕೆಮ್ಮುತ್ತದೆ. ಒಟ್ಟು ನೂರಾ ನಲವತ್ತನಾಲ್ಕು. ತುಟಿಯ ಮೇಲೆ ಪ್ರಾರ್ಥನೆ ಇರುತ್ತದೆ, ಆದರೆ ದೇವರಿಗೆ ಮಾತ್ರ ಕೇಳುವಷ್ಟು. ಮಲೇರಿಯಾ ಜ್ವರ ಏರಿದಾಗಲೂ, ಗಂಡನನ್ನು ಮಣ್ಣು ಮಾಡಿ ಬಂದ ಮರುಬೆಳಗೂ ಅವಳು ಈ ಸುತ್ತನ್ನು ತಪ್ಪಿಸಲಿಲ್ಲ.

ಹಳಿಯ ಮೇಲೆ ನಾಲ್ಕು ಗಾಲಿ, ಗಾಲಿಗಳ ಮೇಲೆ ನಾಲ್ಕು ಕಾಲಿನ ಕಬ್ಬಿಣದ ಗೋಪುರ, ಗೋಪುರದ ತಲೆಯ ಮೇಲೆ ಮೂವತ್ತೆರಡು ಮೀಟರ್ ಅಗಲದ ತಟ್ಟೆ. ಒಬೊಕ್ರೊಮ್ ಊರಿನವರಿಗೆ ಅದು ‘ಅಸಂಕಾ’. ಅವರವರ ಮನೆಯಲ್ಲಿ ಮೆಣಸು, ಟೊಮೇಟೊ ಅರೆಯುವ ಮಣ್ಣಿನ ಬಟ್ಟಲಿಗೂ ಅದೇ ಹೆಸರು. ಒಂದು ಕಾಲದಲ್ಲಿ ಹೊರದೇಶದ ಫೋನ್ ಕರೆಗಳೆಲ್ಲ ಉಪಗ್ರಹದಿಂದ ಈ ಬಟ್ಟಲಿಗೆ ಬಂದು ಬೀಳುತ್ತಿದ್ದವು. ಆಮೇಲೆ ಸಮುದ್ರದ ತಳದಲ್ಲಿ ಕೇಬಲ್ಲು ಬಂತು, ಕರೆಗಳು ನೀರಿನಡಿ ಹೋದವು. ತಟ್ಟೆಯ ನಿಲ್ದಾಣದಲ್ಲಿದ್ದ ನಲವತ್ತು ಮಂದಿ ಹತ್ತಾದರು, ಹತ್ತು ಎರಡಾಯಿತು. ಉಳಿದವರು ಗೇಟು ಕಾಯುವ ಬಾದು ಮತ್ತು ಗ್ರೀಸು ಹಚ್ಚುವ ತಿವಾ.

ತಿವಾ ಇಪ್ಪತ್ತೆರಡನೇ ವಯಸ್ಸಿನಲ್ಲಿ ನೆಲ ಗುಡಿಸಲು ಬಂದವಳು. ಮೆಕ್ಯಾನಿಕ್ಕುಗಳು ಕೆಲಸ ಮಾಡುವಾಗ ಪೊರಕೆ ಹಿಡಿದುಕೊಂಡು ನೋಡುತ್ತ ನಿಂತುಬಿಡುತ್ತಿದ್ದಳು. ಬೈಸಿಕೊಂಡಳು, ಮತ್ತೆ ನಿಂತಳು. ಕೊನೆಗೆ ಯಾರೋ ಬೇಸತ್ತು ಅವಳ ಕೈಗೆ ಗ್ರೀಸ್ ಗನ್ನು ಕೊಟ್ಟರು. ಯಂತ್ರದ ಕೈಪಿಡಿಯನ್ನು ರಾತ್ರಿ ಊಟವಾದ ಮೇಲೆ ಬೈಬಲ್ಲಿನ ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಪದಕ್ಕೂ ನಿಘಂಟು ತಿರುವುತ್ತ ಓದಿದಳು. ಮುಗಿಸಲು ನಾಲ್ಕು ವರ್ಷ ಹಿಡಿಯಿತು. ನಿಲ್ದಾಣ ಮುಚ್ಚಿ ಕರೆಂಟು ಕಡಿದ ದಿನ ಹಳೆಯ ಮೇಲ್ವಿಚಾರಕ ಲಾರಿ ಹತ್ತುವಾಗ ಹೇಳಿದ್ದು ಒಂದೇ ಮಾತು: "ಆಗಾಗ ಸ್ವಲ್ಪ ಆಡಿಸ್ತಾ ಇರು ತಿವಾ. ಜಡ ಆಗೋಕೆ ಬಿಡಬೇಡ."

ಅವಳು ಬಿಡಲಿಲ್ಲ. ಪ್ರತಿ ಶನಿವಾರ ಮೋಟಾರಿನ ಬೆನ್ನಿಗೆ ಕೈಹಿಡಿಕೆ ಸಿಕ್ಕಿಸಿ ತಿರುಗಿಸುತ್ತಿದ್ದಳು. ಅಸಂಕಾ ಒಂದು ಗೇಣು ಮುಂದೆ ಹೋಗುತ್ತಿತ್ತು, ಒಂದು ಗೇಣು ಹಿಂದೆ ಬರುತ್ತಿತ್ತು. ಯಾವಾಗಲೂ ಮೊದಲಿದ್ದ ಜಾಗಕ್ಕೇ ತಂದು ನಿಲ್ಲಿಸುವುದು ಅವಳ ಪದ್ಧತಿ.

"ಅಲ್ಲ ತಿವಾ, ಅದೇ ದಿಕ್ಕಿಗೇ ಯಾಕೆ ಮುಖ ಮಾಡಿಸ್ತೀಯಾ?" ಎಂದು ಬಾದು ಕೇಳುತ್ತಿದ್ದ. "ನಿನ್ನ ಗಂಡನಿಗೆ ಬೇರೆ ಕಡೆ ನೋಡೋ ಆಸೆ ಇರಲ್ವಾ?" ಅಸಂಕಾವನ್ನು ಅವಳ ಗಂಡ ಎನ್ನುವುದು ಅವನ ಹಳೆಯ ಚೇಷ್ಟೆ.

"ಉಪಗ್ರಹ ಅಲ್ಲೇ ಇರೋದು. ಯಾವತ್ತಾದ್ರೂ ಮತ್ತೆ ಕರೆದ್ರೆ ಮುಖ ಆ ಕಡೆಗೇ ಇರ್ಬೇಕು ತಾನೆ?"

"ಕರೆಯೋರು ಹೋಗಿ ಎಷ್ಟು ವರ್ಷ ಆಯ್ತು!"

"ನೀನು ನಿಮ್ಮಮ್ಮನಿಗೆ ಹತ್ತನೆಯವನು. ಒಂಬತ್ತಾದ ಮೇಲೂ ಅವಳು ಕಾಯಲಿಲ್ವಾ?"

ಬಾದು ನಗುತ್ತ ಗೇಟಿಗೆ ಮರಳುತ್ತಿದ್ದ. ಹೀಗೆ ಹತ್ತೊಂಬತ್ತು ವರ್ಷದ ಶನಿವಾರಗಳು ಕಳೆದವು.

ಇಪ್ಪತ್ತನೆಯ ವರ್ಷ ಕರೆ ಬಂತು, ಆದರೆ ಉಪಗ್ರಹದಿಂದಲ್ಲ. ಫೋನಿಗೆ ಬೇಡವಾದ ತಟ್ಟೆ ನಕ್ಷತ್ರಗಳಿಗೆ ಬೇಕಾಗಿತ್ತು. ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಕೇಳುವ ದೂರದರ್ಶಕವಾಗಿ ಅದನ್ನು ಮಾರ್ಪಡಿಸಬಹುದೇ ಎಂದು ನೋಡಲು ರಾಜಧಾನಿಯಿಂದ ಸೆಲಾಸಿ ಡೋಟ್ಸೆ ಎಂಬ ಎಂಜಿನಿಯರ್ ಬಂದ. ಮೂವತ್ತು ದಾಟಿರದ, ತೆಳ್ಳಗಿನ, ಮಾತಿಗಿಂತ ಮೊದಲು ಲೆಕ್ಕ ಮಾಡುವ ಹುಡುಗ. ಈ ಖಂಡದಲ್ಲಿ ಇಂಥ ತಟ್ಟೆಗಳು ಇನ್ನೂ ಎಷ್ಟೋ ನಿಂತಿವೆ, ತನ್ನ ವರದಿ ಅಲ್ಲಿಗೂ ಹೋಗುತ್ತದೆ ಎಂದು ಬಂದ ದಿನವೇ ಹೇಳಿದ. ಫೋನಿನ ತಟ್ಟೆಗೆ ಒಂದು ದಿಕ್ಕು ಸಾಕಿತ್ತು. ನಕ್ಷತ್ರ ಕೇಳುವ ತಟ್ಟೆ ಹಾಗಲ್ಲ; ಭೂಮಿ ತಿರುಗಿದಂತೆ ತಾನೂ ತಿರುಗಿ, ಏರಿ, ಇಳಿದು, ಹಿಡಿದ ನಕ್ಷತ್ರವನ್ನು ಬಿಡದೆ ನೋಡಬೇಕು. ಆದ್ದರಿಂದ ಅವನನ್ನು ಕಳಿಸಿದ ಸಮಿತಿಯ ಷರತ್ತು ಒಂದೇ: ಶನಿವಾರ ತಾವು ಬಂದಾಗ ತಟ್ಟೆ ಹಳಿಯ ಮೇಲೆ ಪೂರ್ತಿ ಒಂದು ಸುತ್ತು ತಿರುಗಿ ತೋರಿಸಬೇಕು. ತಿರುಗದಿದ್ದರೆ ಕಬ್ಬಿಣ ಕೊಳ್ಳುವವರು ಸೋಮವಾರ ಗ್ಯಾಸ್ ಕಟ್ಟರ್ ತೆಗೆದುಕೊಂಡು ಬರುತ್ತಾರೆ.

ಕರೆಂಟು ಮತ್ತೆ ಬಂದಿತ್ತು. ಮಂಗಳವಾರ ಬೆಳಗ್ಗೆ ಸೆಲಾಸಿ ಗುಂಡಿ ಒತ್ತಿದ. ಮೋಟಾರು ಗುಂಯ್ಗುಟ್ಟಿತು. ಇಡೀ ಗೋಪುರ ಒಮ್ಮೆ ಮೈಮುರಿದು, ಒಂದು ಗೇಣು ಸರಿದು, ದೊಡ್ಡದಾಗಿ ನರಳಿ ನಿಂತುಬಿಟ್ಟಿತು. ಫ್ಯೂಸು ಹಾರಿತು. ಹಿಂದಕ್ಕೆ ತಿರುಗಿಸಿದರೆ ಅಲ್ಲೂ ಅಷ್ಟೆ, ಒಂದು ಗೇಣು. ಐದು ಸಲ ನೋಡಿದರು, ಐದು ಫ್ಯೂಸು ಹೋಯಿತು.

ಸೆಲಾಸಿಯ ಮುಖ ಸಪ್ಪಗಾಯಿತು. "ನಡುವಿನ ಬೇರಿಂಗ್ ಹೋಗಿದೆ ಮಾಮೆ. ಗೋಪುರ ತಿರುಗೋದೇ ಅದರ ಸುತ್ತ. ಅದನ್ನ ಬದಲಾಯಿಸ್ಬೇಕು ಅಂದ್ರೆ ಮುನ್ನೂರು ಟನ್ ಎತ್ತಿ ಹಿಡೀಬೇಕು. ಬಂದರಿನಿಂದ ಕ್ರೇನ್ ತರಿಸೋ ಮಾತು ಆಡಿದ್ರೆ ಸಮಿತಿಯೋರು ನಗ್ತಾರೆ." ಊರಿನ ಚಿಕ್ಕವರೆಲ್ಲ ತಿವಾಳನ್ನು ತಾಯಿಯೆಂದು ‘ಮಾಮೆ’ ಅನ್ನುತ್ತಿದ್ದರು, ಅವನೂ ಎರಡೇ ದಿನದಲ್ಲಿ ಕಲಿತಿದ್ದ.

"ಬೇರಿಂಗ್ ಹೋಗಿದೆ ಅಂತ ಅದು ಹೇಳ್ತಾ?"

"ಶಬ್ದ ಕೇಳಲಿಲ್ವಾ?"

"ಕೇಳ್ತು. ಆದ್ರೆ ಕಾಲು ನೋವಾದ್ರೂ ಮನುಷ್ಯ ಬಾಯಿಂದಲೇ ಅಲ್ವಾ ಕೂಗೋದು? ತಡಿ."

ಅವಳು ಗೋಪುರದ ನಡುವೆ ತೂರಿದಳು. ಉದ್ದದ ಸ್ಪ್ಯಾನರಿನ ಒಂದು ತುದಿಯನ್ನು ಬೇರಿಂಗಿನ ಗೂಡಿಗೆ ಒತ್ತಿ, ಇನ್ನೊಂದನ್ನು ಕಿವಿಯ ಮುಂದಿನ ಎಲುಬಿಗೆ ಇಟ್ಟುಕೊಂಡಳು. "ಈಗ ಸ್ವಲ್ಪವೇ ಒತ್ತು." ಸೆಲಾಸಿ ಒತ್ತಿದ. ಅವಳು ಕಣ್ಣು ಮುಚ್ಚಿದಳು. ಒಳಗಿನಿಂದ ಬಂದದ್ದು ಜರಡಿಯಲ್ಲಿ ಹಿಟ್ಟು ಆಡಿಸಿದಂಥ ನುಣ್ಣನೆ ಸದ್ದು. ಇಷ್ಟು ವರ್ಷ ಕೊಟ್ಟ ಗ್ರೀಸು ವ್ಯರ್ಥವಾಗಿರಲಿಲ್ಲ.

"ಇದಕ್ಕೆ ಏನೂ ಆಗಿಲ್ಲ," ಎಂದು ಹೊರಬಂದವಳು ಒಂದೊಂದೇ ಗಾಲಿಯ ಬಳಿ ಕೂತು ಕೇಳಿದಳು. ಮುಂದಿನ ಎಡಗಾಲಿಯ ಹತ್ತಿರ ನಿಂತುಬಿಟ್ಟಳು. ಗಾಲಿಗೆ ಧೂಳು ಹೋಗದಂತೆ ಎರಡೂ ಪಕ್ಕ ಹಳಿಗೆ ತಾಗುವ ತಗಡಿನ ಮುಚ್ಚಳವಿತ್ತು. ದಿನಾ ಒರೆಸುವ ಅವಳ ಚಿಂದಿ ಆ ಮುಚ್ಚಳದವರೆಗೆ ಬಂದು, ಅದನ್ನು ದಾಟಿ ಮುಂದೆ ಹೋಗುತ್ತಿತ್ತು. ಮುಚ್ಚಳದ ಬೋಲ್ಟುಗಳನ್ನು ಬಿಚ್ಚಿ ಕೆಳಗೆ ನೋಡಿದಳು. ಮಟ್ಟ ನೋಡುವ ನೇರ ಉಕ್ಕಿನ ಅಂಚುಪಟ್ಟಿಯನ್ನು ಹಳಿಯ ಮೇಲಿಟ್ಟು ಸಂದಿಯಲ್ಲಿ ಬೆರಳು ಹಾಯಿಸಿದಳು.

ಗಾಲಿ ಒಂದು ಹಳ್ಳದಲ್ಲಿ ಕೂತಿತ್ತು. ಆಳವೇನೂ ಹೆಚ್ಚಿಲ್ಲ, ನಾಲ್ಕು ಮಿಲಿಮೀಟರ್. ಆದರೆ ಹಳ್ಳದ ಎರಡೂ ತುದಿಯಲ್ಲಿ ಉಕ್ಕು ಒತ್ತಿ ಉಬ್ಬಿ ದಂಡೆ ಕಟ್ಟಿತ್ತು. ನೂರು ಟನ್ನಿಗೂ ಮೇಲೆ ಹೊತ್ತ ಗಾಲಿಗೆ ಆ ದಂಡೆ ಬೆಟ್ಟವೇ. ಹಳ್ಳದ ಉದ್ದವನ್ನು ಅವಳು ಕೈಯಿಂದ ಅಳೆದಳು. ಮುಂದಕ್ಕೊಂದು ಗೇಣು, ಹಿಂದಕ್ಕೊಂದು ಗೇಣು.

ತಿವಾ ಹಳಿಯ ಮೇಲೆಯೇ ಕೂತಳು.

"ಏನಾಯ್ತು ಮಾಮೆ?"

"ಇದು ನನ್ನ ಕೈಕೆಲಸ ಸೆಲಾಸಿ. ಇದನ್ನ ಸುಮ್ನೆ ಬಿಟ್ಟಿದ್ರೆ ಇಷ್ಟು ಆಗ್ತಿರ್ಲಿಲ್ಲ. ಪ್ರತಿ ಶನಿವಾರ ಇದೇ ಎರಡು ಗೇಣಿನ ಮೇಲೆ ಗಾಲಿ ಉರುಳಿಸಿ ಉರುಳಿಸಿ ನಾನೇ ಹಳ್ಳ ತೋಡಿದೀನಿ. ಕೈಗೆ ಬಿಗಿ ಅನ್ಸಿದ ಕೂಡ್ಲೆ ಹಿಂದಕ್ಕೆ ತಂದುಬಿಡ್ತಿದ್ದೆ." ಅವಳು ಅಂಗೈಯನ್ನು ನೋಡಿಕೊಂಡಳು. "ಪುಸ್ತಕದಲ್ಲಿ ಪೂರ್ತಿ ಸುತ್ತು ಅಂತಲೇ ಬರ್ದಿತ್ತು. ಓದಿದ್ದೆ. ಮುಖ ಆ ಕಡೆಗೇ ಇರ್ಲಿ ಅನ್ನೋ ಹಟಕ್ಕೆ ಮಾಡ್ಲಿಲ್ಲ."

ಬಾದು ಮುಚ್ಚಳದ ಬೋಲ್ಟುಗಳನ್ನು ಆರಿಸಿ ಡಬ್ಬಿಗೆ ಹಾಕತೊಡಗಿದ.

ಮಧ್ಯಾಹ್ನಕ್ಕೆ ಕೆಂಕಿ ಮಾರುವ ಅರಬಾ ದಿಬ್ಬ ಹತ್ತಿ ಬಂದಳು. ಜೋಳದ ಎಲೆಯಲ್ಲಿ ಸುತ್ತಿ ಬೇಯಿಸಿದ ಉಂಡೆಗಳು ತುಂಬಿದ ದೊಡ್ಡ ಬೋಗುಣಿ ತಲೆಯ ಮೇಲೆ, ಅದರ ಮೇಲೆ ಹುರಿದ ಮೀನಿನ ಬುಟ್ಟಿ. ಗೇಟಿನ ಮುಂದಿನ ಚರಂಡಿಯ ಕಲ್ಲು ಕುಸಿದಿತ್ತು. ಅದು ಕಾಣದೆ ಅವಳ ಎಡಗಾಲು ಮೊಣಕಾಲುದ್ದ ಒಳಗೆ ಹೋಯಿತು.

"ಅಯ್ಯೋ, ಮೀನು ಹೋಯ್ತು!" ಎಂದು ಬಾದು ಎದ್ದ.

"ನಾನು ಹೋದ್ರೂ ಪರವಾಗಿಲ್ಲ, ನಿಂಗೆ ಮೀನಿನ ಚಿಂತೆ! ಅಲ್ಲೇ ಇರು, ಮುಟ್ಬೇಡ ನನ್ನ!" ಎಂದಳು ಅರಬಾ. ಅವಳು ಕಾಲು ಕೀಳಲು ಅವಸರ ಮಾಡಲಿಲ್ಲ. ಕುತ್ತಿಗೆ ನೀಡಿದಳು, ಬೆನ್ನು ನೆಟ್ಟಗೆ ಮಾಡಿದಳು. ವಾಲಿದ್ದ ಬೋಗುಣಿ ನಡುನೆತ್ತಿಗೆ ಬಂದು ನಿಂತಿತು. ಆಮೇಲೆ ಎಡಗಾಲು ತಾನಾಗಿ ಹಗುರವಾಗಿ ಮೇಲೆ ಬಂತು. ಒಂದು ಉಂಡೆಯೂ ಕದಲಲಿಲ್ಲ.

ತಿವಾ ಎದ್ದು ನಿಂತಳು. ತಲೆಯೆತ್ತಿ ಅಸಂಕಾವನ್ನು ನೋಡಿದಳು. ಅದು ಹತ್ತೊಂಬತ್ತು ವರ್ಷದಿಂದ ಅದೇ ಕಡೆಗೆ ಬಗ್ಗಿ, ಮುಂಗಾಲುಗಳ ಮೇಲೆ ಭಾರ ಹಾಕಿಕೊಂಡು ನಿಂತಿತ್ತು.

"ಸೆಲಾಸಿ, ಅದರ ಮುಖ ನೆತ್ತಿಗೆ ಎತ್ತಿದ್ರೆ ಮುಂದಿನ ಗಾಲಿ ಮೇಲಿನ ಭಾರ ಎಷ್ಟು ಇಳಿಯುತ್ತೆ?"

ಸೆಲಾಸಿ ಅವಳನ್ನು ನೋಡಿದ, ತಟ್ಟೆಯನ್ನು ನೋಡಿದ, ಜೇಬಿನಿಂದ ಪೆನ್ನು ತೆಗೆದು ಕೆಂಕಿ ಕಟ್ಟಿಕೊಡುವ ಕಾಗದದ ಮೇಲೆಯೇ ಲೆಕ್ಕ ಹಾಕಿದ. ಅವನ ಕೈ ಬರಬರುತ್ತ ಜೋರಾಯಿತು. "ಮೂರರಲ್ಲಿ ಒಂದು ಪಾಲು, ಮಾಮೆ! ನಾಲ್ಕು ಕಾಲಿಗೂ ಸಮ ಆಗುತ್ತೆ!"

"ಅಷ್ಟು ಸಾಕು. ಮೊದ್ಲು ನೆಟ್ಟಗೆ ನಿಲ್ಲಿಸೋಣ. ದಂಡೆ ಉಜ್ಜಿ ಇಳಿಜಾರು ಮಾಡೋಣ. ಆಮೇಲೆ ಹೆಜ್ಜೆ."

"ಕೆಂಕಿ ಮಾರೋಳ ಕಾಲು ನೋಡಿ ಎಂಜಿನಿಯರಿಂಗ್ ಮಾಡ್ತಾಳೆ," ಎಂದ ಬಾದು.

"ನೀನು ಬರೀ ಮೀನು ನೋಡ್ತಿದ್ದೆ," ಎಂದಳು ಅರಬಾ.

ಆದರೆ ಮುಖ ಎತ್ತುವುದು ಸುಲಭವಿರಲಿಲ್ಲ. ತಟ್ಟೆಯ ಬೆನ್ನಿಗೆ ಆಳೆತ್ತರದ ಉಕ್ಕಿನ ತಿರುಪು ಇತ್ತು. ಅದು ತಿರುಗಿ ಉದ್ದವಾದಂತೆ ತಟ್ಟೆ ಮೇಲೇಳಬೇಕು. ಅದರ ಮೋಟಾರು ಸುಟ್ಟು, ಹೊಸ ತಂತಿ ಸುತ್ತಿಸಲು ಪೇಟೆಗೆ ಹೋಗಿತ್ತು. ಉಳಿದದ್ದು ಕೈಹಿಡಿಕೆ. ಒಂದು ಡಿಗ್ರಿ ಏರಲು ಮುನ್ನೂರು ಸುತ್ತು. ಏರಬೇಕಾದದ್ದು ಐವತ್ತು ಡಿಗ್ರಿ. ತಿರುಪಿನ ಹಳೆಯ ಗ್ರೀಸು ಅಂಟಿನಂತೆ ಗಟ್ಟಿಯಾಗಿತ್ತು. ತಿವಾ ಸೀಮೆಎಣ್ಣೆಯಲ್ಲಿ ಅದನ್ನು ತೊಳೆದು, ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದು ಎಳೆಯನ್ನೂ ಕೆರೆದು ಹೊಸದು ತುಂಬಿದಳು.

ಬುಧವಾರ ಬೆಳಗ್ಗೆ ಚರ್ಚಿನ ಹಾಡುಗಾರ ಹೆಂಗಸರು ಎಂಟು ಜನ ಬಂದರು. ಮರ ಕೊಯ್ಯುವ ಅಂಗಳದಿಂದ ಆರು ಜನ ಗಂಡಸರು. ತಿವಾ ಎಲ್ಲರನ್ನೂ ನಿಲ್ಲಿಸಿ ಸಣ್ಣದೊಂದು ಪ್ರಾರ್ಥನೆ ಮಾಡಿದಳು. "ಸ್ವಾಮಿ, ಇದನ್ನ ಹಾಳು ಮಾಡಿದ್ದು ನಾನು. ನನ್ನ ಮೇಲಿನ ಸಿಟ್ಟಿಗೆ ಇದನ್ನ ಕೆಡವಬೇಡ." ಅಷ್ಟೇ. ಇಬ್ಬಿಬ್ಬರಂತೆ ಹಿಡಿಕೆ ಹಿಡಿದರು. ಹೆಂಗಸರು ಹಾಡು ಎತ್ತಿದರು. ಹಾಡಿನ ತಾಳಕ್ಕೆ ಹಿಡಿಕೆ ಸುತ್ತಿತು. ಮೊದಲ ಗಂಟೆ ಏನೂ ಆದಂತೆ ಕಾಣಲಿಲ್ಲ. ಆಮೇಲೆ ತಟ್ಟೆಯ ಬೆನ್ನಿನ ಸಂದಿಗಳಿಂದ ಒಣ ಎಲೆ, ಹಕ್ಕಿಗೂಡು, ಒಂದು ಹರಿದ ಗಾಳಿಪಟ, ಎಷ್ಟೋ ವರ್ಷದ ಕಸ ಸುರಿಯತೊಡಗಿತು. ಅದರಲ್ಲಿ ಅರ್ಧ ಬಾದುವಿನ ತಲೆಯ ಮೇಲೆ ಬಿತ್ತು.

"ನಿನ್ನ ಗಂಡ ನನ್ನ ಮೇಲೆ ಹಳೇ ಸಿಟ್ಟು ತೀರಿಸ್ಕೋತಿದಾನೆ ತಿವಾ!"

"ಅವನಿಗೆ ಕಿವಿ ಇದೆ ಅಂತ ಮೊದ್ಲೇ ಹೇಳಿರ್ಲಿಲ್ವಾ? ಈಗ ಹಿಡ್ಕೋ ಹಿಡಿಕೆ."

ಗುರುವಾರ ಹೊತ್ತು ಇಳಿಯುವಾಗ ಕೋನ ತೋರಿಸುವ ಮುಳ್ಳು ತೊಂಬತ್ತಕ್ಕೆ ಬಂದು ಕೂತಿತು. ದಿಬ್ಬದ ಕೆಳಗಿನ ಊರಿನಲ್ಲಿ ಜನ ಮನೆಯಿಂದ ಹೊರಗೆ ಬಂದು ನೋಡಿದರು. ಹುಟ್ಟಿದಾಗಿನಿಂದ ಪಕ್ಕಕ್ಕೆ ವಾಲಿದ್ದ ಅಸಂಕಾವನ್ನೇ ಕಂಡಿದ್ದ ಎಷ್ಟೋ ಮಂದಿ ಅದು ಸೀದಾ ಆಕಾಶಕ್ಕೆ ಬಾಯಿ ತೆರೆದದ್ದನ್ನು ಕಂಡು ಮಕ್ಕಳನ್ನು ಹೆಗಲಿಗೇರಿಸಿ ತೋರಿಸಿದರು.

ಶುಕ್ರವಾರ ತಿವಾ ಗ್ರೈಂಡರ್ ಹಿಡಿದು ಹೊಟ್ಟೆಯ ಮೇಲೆ ಮಲಗಿದಳು. ದಂಡೆಯನ್ನು ಒಮ್ಮೆಗೇ ಕತ್ತರಿಸಲಿಲ್ಲ. ಒಂದು ಮಾರಿನ ಉದ್ದಕ್ಕೆ ಉಜ್ಜಿ ಉಜ್ಜಿ ಇಳಿಜಾರು ಮಾಡಿದಳು. ಐದು ನಿಮಿಷ ಉಜ್ಜುವುದು, ಉಕ್ಕು ಕಾಯದಂತೆ ನಿಲ್ಲಿಸುವುದು, ಅಂಚುಪಟ್ಟಿ ಇಟ್ಟು ಅದರಡಿಯಲ್ಲಿ ಚರ್ಚಿನ ವಾರಪತ್ರಿಕೆಯಿಂದ ಹರಿದ ಕಾಗದದ ಚೂರು ತೂರಿಸಿ ನೋಡುವುದು. ಕಾಗದ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮತ್ತೆ ಉಜ್ಜುವುದು. ಉಳಿದ ಮೂರು ಗಾಲಿಗಳ ಅಡಿಯಲ್ಲೂ ಸಣ್ಣ ಹಳ್ಳಗಳಿದ್ದವು; ಅವನ್ನೂ ಬಿಡಲಿಲ್ಲ. ಸಂಜೆ ಎದ್ದಾಗ ಅವಳ ಹುಬ್ಬಿನವರೆಗೆ ಉಕ್ಕಿನ ಪುಡಿ. ತಂತಿ ಸುತ್ತಿಸಿದ ಮೋಟಾರೂ ಅಷ್ಟು ಹೊತ್ತಿಗೆ ಪೇಟೆಯಿಂದ ಬಂತು.

ಶನಿವಾರ ಸಮಿತಿಯ ಐದು ಜನ ಎರಡು ಕಾರಿನಲ್ಲಿ ಬಂದರು. ಅಧ್ಯಕ್ಷೆ ಬೆಳ್ಳಿಕೂದಲಿನ, ಕನ್ನಡಕದ ಹೆಂಗಸು, ಹೆಚ್ಚು ನಗುವವಳಲ್ಲ. ಗೇಟಿನ ಹೊರಗೆ ಊರೇ ನೆರೆದಿತ್ತು. ಸೆಲಾಸಿ ಗುಂಡಿಯ ಮೇಲೆ ಬೆರಳಿಟ್ಟು ತಿವಾಳ ಕಡೆ ನೋಡಿದ.

"ಒತ್ತು," ಎಂದಳು ತಿವಾ. ಅವಳು ಎಡಗಾಲಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು, ಅಂಗೈ ಹಳಿಯ ಮೇಲೆ.

ಮೋಟಾರು ಗುಂಯ್ಗುಟ್ಟಿತು. ಗಾಲಿ ಒಂದು ಗೇಣು ಸರಿಯಿತು. ಮಂಗಳವಾರ ಸಿಕ್ಕಿಕೊಂಡಿದ್ದ ಜಾಗಕ್ಕೆ ಬಂತು. ಮೋಟಾರಿನ ದನಿ ದಪ್ಪವಾಯಿತು, ಅಂಗೈಯಡಿ ಹಳಿ ನಡುಗಿತು. ಬಾದು ಕಣ್ಣು ಮುಚ್ಚಿಕೊಂಡ. ಗಾಲಿ ಇಳಿಜಾರಿಗೆ ಎದೆ ಕೊಟ್ಟಿತು, ಕೂದಲೆಳೆಯಷ್ಟು ಏರಿತು, ಮತ್ತಷ್ಟು ಏರಿತು. ಆಮೇಲೆ ಸದ್ದೇ ಇಲ್ಲ. ಹತ್ತೊಂಬತ್ತು ವರ್ಷ ಯಾರೂ ತುಳಿಯದ, ದಿನವೂ ಒರೆಸಿಕೊಂಡು ಹೊಳೆಯುತ್ತಿದ್ದ ಹಳಿಯ ಮೇಲೆ ಮುನ್ನೂರು ಟನ್ನು ಬೆಣ್ಣೆಯ ಮೇಲೆ ಚಾಕು ಸರಿದಂತೆ ಸರಿಯಿತು.

"ಹೊರಟಿತು! ಹೊರಟಿತು!" ಎಂದು ಅರಬಾ ಕೂಗಿದಳು. ಗೇಟು ತೆರೆಯಿತೋ ಮುರಿಯಿತೋ, ಊರು ಒಳಗೆ ನುಗ್ಗಿತು. ತಟ್ಟೆಯ ವೇಗ ಮುದುಕಿಯ ನಡಿಗೆಗಿಂತಲೂ ನಿಧಾನ. ಜನ ಅದರ ಜೊತೆಗೇ ಹಳಿಯ ಹೊರಗೆ ಹಾಡುತ್ತ ನಡೆದರು. ತಿವಾ ಮಾತ್ರ ಒಳಗೆ ಕೇಬಲ್ಲುಗಳ ಕಡೆ ಕಣ್ಣಿಟ್ಟಿದ್ದಳು. ಗೋಪುರ ತಿರುಗಿದಂತೆ ಅವು ನಡುಗಂಬಕ್ಕೆ ಜಡೆಯಂತೆ ಸುತ್ತಿಕೊಳ್ಳುತ್ತಿದ್ದವು. ಒಂದು ಸುತ್ತಿಗಿಂತ ಹೆಚ್ಚು ಹೋದರೆ ಹರಿಯುತ್ತವೆ. ನಲವತ್ತು ನಿಮಿಷಕ್ಕೆ ಸುತ್ತು ಮುಗಿದಾಗ ಅವಳೇ ಕೈಯೆತ್ತಿ "ಸಾಕು!" ಎಂದಳು.

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡಳು. "ತಿರುಗೋದೇನೋ ತಿರುಗಿತು. ಹೇಳಿದ ಜಾಗದಲ್ಲಿ ನಿಲ್ಲುತ್ತಾ? ಸೂರ್ಯನಿಗೆ ಮುಖ ಮಾಡಿ ನೋಡೋಣ."

ಅದು ಷರತ್ತಿನಲ್ಲಿ ಇರಲಿಲ್ಲ. ಸೆಲಾಸಿ ತಿವಾಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಸೂರ್ಯ ನೆತ್ತಿಯಿಂದ ಆರೇಳು ಡಿಗ್ರಿ ಈಚೆಗಿದ್ದ. ಸೆಲಾಸಿ ಕೋನ ಹೇಳಿದ; ಜಡೆ ಬಿಚ್ಚುವ ದಿಕ್ಕಿಗೇ ಗೋಪುರ ತಿರುಗಿತು, ಮೋಟಾರು ತಟ್ಟೆಯನ್ನು ಬಗ್ಗಿಸಿತು. ತಟ್ಟೆ ಹಿಡಿದದ್ದನ್ನು ಕೇಳಿಸಲು ಸೆಲಾಸಿ ಜೋಡಿಸಿದ್ದ ಸ್ಪೀಕರಿನಲ್ಲಿ ಬರೀ ಸಣ್ಣ ಸುಯ್ಯೆನ್ನುವ ಸದ್ದು. ಒಮ್ಮೆ ಸೂರ್ಯನನ್ನು ದಾಟಿ ಆಚೆ ಹೋಯಿತು, ಇನ್ನೊಮ್ಮೆ ಈಚೆಗೇ ನಿಂತಿತು. ಮೋಟಾರಿಗೆ ಅಷ್ಟು ಸಣ್ಣ ಹೆಜ್ಜೆ ಇಡಲು ಬರುತ್ತಿರಲಿಲ್ಲ.

"ಮೋಟಾರು ನಿಲ್ಸು," ಎಂದು ತಿವಾ ಕೈಹಿಡಿಕೆ ಸಿಕ್ಕಿಸಿದಳು. ಕಾಲು ಸುತ್ತು. ಅರ್ಧ ಸುತ್ತು. ಕಣ್ಣು ಮುಚ್ಚಿ ಸ್ಪೀಕರಿನ ಸದ್ದನ್ನೇ ಕೇಳುತ್ತ, ಮತ್ತೆ ಕಾಲು ಸುತ್ತು. ಸುಯ್ಯೆನ್ನುತ್ತಿದ್ದದ್ದು ಮೊರೆಯತೊಡಗಿತು. ಮೊರೆ ಏರಿ ಏರಿ, ಮಳೆಗಾಲದ ಕಡಲಿನಂತೆ ಅಂಗಳವನ್ನೆಲ್ಲ ತುಂಬಿತು. ಸದ್ದು ಅಳೆಯುವ ಮೀಟರಿನ ಮುಳ್ಳು ತುದಿಗೆ ಹೋಗಿ ಬಡಿಯಿತು.

"ಏನದು?" ಎಂದು ಯಾರೋ ಕೇಳಿದರು.

"ಸೂರ್ಯ," ಎಂದ ಸೆಲಾಸಿ. ಬೆರಳು ಮೇಲಕ್ಕೆ ತೋರಿಸಿದ. "ಸೂರ್ಯನೇ."

ಅಧ್ಯಕ್ಷೆ ಕನ್ನಡಕ ತೆಗೆದು ಬರಿಗೈಯಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ನಕ್ಕಳು. ಕಬ್ಬಿಣದವರಿಗೆ ಬರಬೇಡಿ ಎನ್ನಲು ಅಲ್ಲಿಂದಲೇ ಫೋನು ಮಾಡಿದಳು. ಅರಬಾ ಬೋಗುಣಿಯ ಅಡಿಯಿಂದ ಪೌಡರ್ ಡಬ್ಬಿ ತೆಗೆದು ತಿವಾಳ ತಲೆ, ಹೆಗಲು, ಕೊರಳ ಮೇಲೆಲ್ಲ ಸುರಿದಳು. ಗೆದ್ದವರಿಗೆ ಆ ನಾಡಿನಲ್ಲಿ ಮಾಡುವುದೇ ಹಾಗೆ. ಹಾಡುಗಾರ ಹೆಂಗಸರು ಬಿಳಿ ಕರವಸ್ತ್ರ ಬೀಸಿ ಕುಣಿದರು. ಬಾದು ಬಂದು ಅವಳ ಮುಂದೆ ಟೋಪಿ ತೆಗೆದ. "ಇವತ್ತಿಂದ ನಿನ್ನ ಗಂಡನಿಗೆ ನಾನೂ ‘ಭಾವ’ ಅಂತೀನಿ."

ಕಾರುಗಳು ಹೋದ ಮೇಲೆ, ಇಳಿಬಿಸಿಲಿನಲ್ಲಿ ಸೆಲಾಸಿ ವರದಿ ಬರೆಯಲು ಕೂತ. ಎದುರಿಗೆ ತಿವಾ, ಕೂದಲಲ್ಲಿ ಇನ್ನೂ ಪೌಡರು. ಅವನು ಸ್ವಲ್ಪ ಹೊತ್ತು ಪೆನ್ನು ಆಡಿಸುತ್ತಿದ್ದು, ದನಿ ತಗ್ಗಿಸಿ ಹೇಳಿದ.

"ಮಾಮೆ, ಹಳಿಯ ಹಳ್ಳ ಹೇಗಾಯ್ತು ಅನ್ನೋ ಜಾಗದಲ್ಲಿ ಯಂತ್ರ ಹಳೇದು ಅಂತ ಬರೀತೀನಿ. ಸುಳ್ಳೇನಲ್ಲ ಅದು. ಅಧ್ಯಕ್ಷರು ನಿಮಗೆ ಸನ್ಮಾನ ಮಾಡ್ಬೇಕು ಅಂತಿದಾರೆ. ನಿಮ್ಮ ಕೈಯಿಂದ ಆಯ್ತು ಅಂತ ಬರೆದ್ರೆ ಆ ಕಾಗದ ನೋಡಿದೋರು ಏನಂದ್ಕೋತಾರೋ. ನನಗೆ ಬಿಟ್ಬಿಡಿ. ಯಾರಿಗೂ ಗೊತ್ತಾಗಲ್ಲ."

ತಿವಾ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.

"ನಿನ್ನ ಮನಸ್ಸು ಒಳ್ಳೇದು ಮಗನೇ. ಆದ್ರೆ ಬೇಡ. ಇಂಥ ತಟ್ಟೆ ಈ ಖಂಡದಲ್ಲಿ ಇನ್ನೂ ಎಷ್ಟೋ ನಿಂತಿದಾವೆ ಅಂದೆಯಲ್ಲ, ಅವಕ್ಕೂ ನನ್ನಂಥೋಳು ಒಬ್ಬಳು ಗ್ರೀಸು ಹಚ್ತಾ ಇರ್ತಾಳೆ. ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ ಮಾಡ್ತಾ ಇರ್ತಾಳೆ. ಯಂತ್ರ ಹಳೇದು ಅಂತ ಓದಿದ್ರೆ ಅವಳಿಗೆ ಏನು ತಿಳಿಯುತ್ತೆ? ತಿವಾ ಅನ್ನೋಳು ಮಾಡಿದ್ಲು ಅಂತಲೇ ಬರಿ. ಹೇಗೆ ಮಾಡಿದ್ಲು ಅನ್ನೋದನ್ನ ಬಿಡಿಸಿ ಬರಿ."